ಟ್ಯಾಪೆಟ್ ಸರಿಯಿದ್ದರೂ ಹೊಗೆ ಏಕೆ?

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟಿ ಬಾಗೇಪಲ್ಲಿಯ ಕಡೆಗೆ ಸಾಗಿದರೆ ಪೆರೇಸಂದ್ರ ಸಿಗುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ ಇದು. ಕೆರೆ ಬಾವಿಗಳೇ ಇಲ್ಲಿನ ಬದುಕಿಗೆ ಆಧಾರ. ಬಾವಿಯ ನೀರೆತ್ತಲು ಈ ಬಯಲುಸೀಮೆ ಬಹುಕಾಲ ಏತ, ಕಪಿಲೆಗಳನ್ನು ನಂಬಿತ್ತು. ಆಮೇಲೆ ಡೀಸೆಲ್ ಪಂಪು ಬಂತು, ಅದರ ಹಿಂದೆಯೇ ವಿದ್ಯುತ್ ಮೋಟಾರು, ಕೊಳವೆಬಾವಿ. ವಿಚಿತ್ರವೆಂದರೆ, ಏತವನ್ನು ಬದಿಗೆ ಸರಿಸಿದ ಆ ಡೀಸೆಲ್ ಎಂಜಿನ್ನಿನ ತಲೆಯೊಳಗೂ ಒಂದು ಪುಟ್ಟ ಏತವೇ ಕುಳಿತಿತ್ತು. ಅದರ ಹೆಸರು ರಾಕರ್ ಆರ್ಮ್.

ಏತದ ತೊಲೆಗೆ ನಡುವೆ ಒಂದು ಆಧಾರ. ಒಂದು ತುದಿಯನ್ನು ಒತ್ತಿದರೆ ಇನ್ನೊಂದು ತುದಿ ಏಳುತ್ತದೆ. ರಾಕರ್‌ನದೂ ಅದೇ ಕೆಲಸ. ಎಂಜಿನ್ನಿನ ಬುಡದಲ್ಲಿ ತಿರುಗುವ ಕ್ಯಾಮ್ ಎಂಬ ಮೊಟ್ಟೆಯಾಕಾರದ ಉಬ್ಬು ಪುಶ್‌ರಾಡ್ ಎಂಬ ಕಡ್ಡಿಯನ್ನು ಮೇಲಕ್ಕೆ ತಳ್ಳುತ್ತದೆ. ಕಡ್ಡಿ ರಾಕರ್‌ನ ಒಂದು ತುದಿಯನ್ನು ಎತ್ತುತ್ತದೆ. ಇನ್ನೊಂದು ತುದಿ ಕೆಳಗಿಳಿದು ಕವಾಟವನ್ನು, ಅಂದರೆ ವಾಲ್ವನ್ನು, ಒತ್ತಿ ತೆರೆಯುತ್ತದೆ. ಕವಾಟವನ್ನು ಸಿಲಿಂಡರಿನ ನೆತ್ತಿಯ ಮೇಲಿಡುವ ಈ ಕ್ರಮವನ್ನು ಅಮೆರಿಕದ ಬ್ಯೂಕ್ ಕಾರು 1904ರ ಹೊತ್ತಿಗೇ ಮಾರುಕಟ್ಟೆಗೆ ತಂದಿತ್ತು. ನಮ್ಮ ಹೆದ್ದಾರಿಗಳಲ್ಲಿ ಏದುಸಿರುಬಿಟ್ಟು ಘಾಟಿ ಹತ್ತಿದ ಹಳೆಯ ಲಾರಿಗಳಲ್ಲೂ ಇದ್ದದ್ದು ಇದೇ.

ಕರ್ನಾಟಕದಲ್ಲಿ ಮೋಟಾರು ಬೈಕಿನ ವೇಗದ ಹುಚ್ಚು ಮಾತ್ರ ಬೆಳೆದದ್ದು ಬಹುಪಾಲು ಕವಾಟವೇ ಇಲ್ಲದ ಎಂಜಿನ್ನಿನ ಮೇಲೆ! ಇರಾನಿ ಕುಟುಂಬದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮೈಸೂರಿನಲ್ಲಿ ತಯಾರಿಸಿದ ಜಾವಾ, ಎಪ್ಪತ್ತರ ದಶಕದಲ್ಲಿ ಅದರ ಉತ್ತರಾಧಿಕಾರಿಯಾದ ಯೆಜ್ಡಿ, ಎರಡೂ ಟೂ ಸ್ಟ್ರೋಕ್ ಬಂಡಿಗಳು. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ವೇಗ ಬೇಕೆಂದವರು ಅರ ಹಿಡಿದು ಕಿಂಡಿಯ ಅಂಚನ್ನು ಒಂದೆರಡು ಮಿಲಿಮೀಟರ್ ತೀಡುತ್ತಿದ್ದರು. ತಪ್ಪಿದರೆ ಸಿಲಿಂಡರ್ ಹಾಳು. ಆದರೆ ಮಾಡಿದ್ದೇನೆಂಬುದು ಕಣ್ಣಿಗೆ ಕಾಣುತ್ತಿತ್ತು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಬಿಗಿಯಾಗುತ್ತ ಹೋದ ಹೊಗೆ ನಿಯಮಗಳು ಟೂ ಸ್ಟ್ರೋಕ್ ಬೈಕುಗಳ ಕಾಲವನ್ನೇ ಮುಗಿಸಿದವು.

ಅತ್ತ ಮದರಾಸಿನಲ್ಲಿ 1955ರಿಂದ ಬೇರೊಂದು ಬಗೆಯ ಯಂತ್ರ ತಯಾರಾಗುತ್ತಿತ್ತು: ಎನ್‌ಫೀಲ್ಡ್ ಬುಲೆಟ್. ಎಪ್ಪತ್ತು ಮಿಲಿಮೀಟರ್ ಅಗಲದ ಸಿಲಿಂಡರು, ತೊಂಬತ್ತು ಮಿಲಿಮೀಟರ್ ಪಿಸ್ಟನ್ ಓಟ, 346 ಸಿಸಿ, ಎರಡು ಪುಶ್‌ರಾಡ್, ಎರಡು ರಾಕರ್. ಇಂಗ್ಲೆಂಡಿನ ಮೂಲ ಕಂಪನಿ ಕಣ್ಣು ಮುಚ್ಚಿದ ಮೇಲೂ ಈ ವಿನ್ಯಾಸ ಇಲ್ಲಿ ದಶಕಗಟ್ಟಲೆ ನಡೆಯಿತು. ಟ್ಯಾಪೆಟ್ ಸರಿಪಡಿಸುವ ವಿದ್ಯೆ ಬುಲೆಟ್ ಮೆಕ್ಯಾನಿಕನ ಮೊದಲ ಪಾಠ. ಎಂಜಿನ್ ತಣ್ಣಗಿರುವಾಗ ಪಕ್ಕದ ಮುಚ್ಚಳ ತೆಗೆದು, ಪುಶ್‌ರಾಡಿನ ಬುಡದ ನಟ್ಟನ್ನು ತಿರುಗಿಸಬೇಕು. ಕಡ್ಡಿ ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲುಗಬಾರದು. ಅಲ್ಲಿಗೆ ಟ್ಯಾಪೆಟ್ ಸರಿ.

ಹಾಗಿದ್ದರೂ ಕೆಲವು ಬುಲೆಟ್‌ಗಳು ತಲೆ ಬಿಚ್ಚಿ ರಿಪೇರಿಯಾದ ಸ್ವಲ್ಪ ಕಾಲಕ್ಕೇ ನೀಲಿ ಹೊಗೆ ಉಗುಳತೊಡಗುತ್ತವೆ. ರಿಂಗ್, ಪಿಸ್ಟನ್ ಹೊಸದು; ಟ್ಯಾಪೆಟ್ ಶಬ್ದವೂ ಇಲ್ಲ. ದೂರು ಸಾಮಾನ್ಯವಾಗಿ ಆಯಿಲಿನ ಮೇಲೆ ಹೋಗುತ್ತದೆ. ತಪ್ಪು ಹಲವು ಬಾರಿ ಇರುವುದು ಆ ಪುಟ್ಟ ಏತ ನಿಂತ ಕೋನದಲ್ಲಿ.

ಏತದ ತುದಿ ನೇರ ರೇಖೆಯಲ್ಲಿ ಚಲಿಸುವುದಿಲ್ಲ, ಕಮಾನಿನಂತೆ ಚಲಿಸುತ್ತದೆ. ಬಾವಿಯಲ್ಲಿ ಇದು ತೊಂದರೆಯಲ್ಲ. ತುದಿಯಲ್ಲಿ ತೂಗುವ ಗಳವೋ ಹಗ್ಗವೋ ವಾಲಿಕೊಂಡು ಅದನ್ನು ಸರಿದೂಗಿಸುತ್ತದೆ. ಕವಾಟದ ಕಾಂಡಕ್ಕೆ ಆ ಸ್ವಾತಂತ್ರ್ಯವಿಲ್ಲ. ಅದು ಗೈಡ್ ಎಂಬ ಬಿಗಿಯಾದ ಕೊಳವೆಯಲ್ಲಿ ನೇರ ಮೇಲೆ ಕೆಳಗೆ ಓಡಾಡಬೇಕು. ರಾಕರ್ ತುದಿಯ ಕಮಾನು ಕಾಂಡದ ನೆತ್ತಿಯ ಮೇಲೆ ಅಡ್ಡಡ್ಡ ಉಜ್ಜುತ್ತದೆ, ಕಾಂಡವನ್ನು ಪಕ್ಕಕ್ಕೆ ದೂಡುತ್ತದೆ. ಗೈಡ್ ಸವೆದು ಅಗಲವಾದರೆ ಎಣ್ಣೆ ಅದರೊಳಗಿಂದ ಇಳಿದು ಉರಿಯುತ್ತದೆ. ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುವಾಗ ಪ್ರತಿ ಕವಾಟ 2000 ಸಲ ತೆರೆಯುತ್ತದೆ. ಒಂದು ಗಂಟೆಯ ಓಟಕ್ಕೆ 1,20,000 ಬಾರಿ. ಕೂದಲೆಳೆಯಷ್ಟು ಉಜ್ಜಾಟವೂ ಅಲ್ಲಿ ಸಣ್ಣದಲ್ಲ.

ಉಜ್ಜಾಟವನ್ನು ಪೂರ್ತಿ ನಿಲ್ಲಿಸಲಾಗದು, ಕಡಿಮೆ ಮಾಡಬಹುದು. ಕವಾಟ ಅರ್ಧ ತೆರೆದ ಗಳಿಗೆಯಲ್ಲಿ ರಾಕರ್‌ನ ತೋಳು ಕಾಂಡಕ್ಕೆ ಸರಿಯಾಗಿ ಲಂಬವಾಗಿರಬೇಕು; ಆಗ ತುದಿ ಒಂದಿಷ್ಟು ಆಚೆ ಹೋಗಿ ಅಷ್ಟೇ ಈಚೆ ಬರುತ್ತದೆ. ಲೆಕ್ಕಕ್ಕೆ ಒಂದು ಉದಾಹರಣೆ: ತೋಳು 35 ಮಿಲಿಮೀಟರ್, ಕವಾಟ ತೆರೆಯುವುದು 10 ಮಿಲಿಮೀಟರ್ ಎಂದುಕೊಳ್ಳೋಣ. ನಡುವಿನಲ್ಲಿ ಲಂಬವಾಗಿದ್ದರೆ ತುದಿ ಪಕ್ಕಕ್ಕೆ ಸರಿಯುವುದು 0.36 ಮಿಲಿಮೀಟರ್. ಕವಾಟ ಮುಚ್ಚಿದಾಗಲೇ ಲಂಬವಾಗಿದ್ದರೆ 1.46 ಮಿಲಿಮೀಟರ್, ಅಂದರೆ ನಾಲ್ಕು ಪಟ್ಟು! ರಾಕರ್ ಮೂತಿಯ ದುಂಡಗಿನಿಂದಾಗಿ ನಿಜವಾದ ಅಂಕಿಗಳು ತುಸು ಬದಲಾಗುತ್ತವೆ. ಆದರೆ ಕೋನ ತಪ್ಪಿದಷ್ಟೂ ಉಜ್ಜಾಟ ಹೆಚ್ಚುವುದು ಬದಲಾಗದು.

ಹಳೆಯ ಬುಲೆಟ್‌ನಲ್ಲಿ ಈ ಕೋನ ತಪ್ಪುವುದು ಹೀಗೆ. ಕವಾಟ ಕೂರುವ ಸೀಟನ್ನು ಪ್ರತಿ ರಿಪೇರಿಯಲ್ಲೂ ತುಸು ಕಡೆಯುತ್ತಾರೆ. ಕವಾಟ ಅಷ್ಟೇ ಒಳಗೆ ಹೂತು, ಅದರ ಕಾಂಡ ಮೇಲಕ್ಕೆ ಏಳುತ್ತದೆ. ರಾಕರ್‌ನ ಆ ತುದಿ ಏರಿ, ಪುಶ್‌ರಾಡಿನ ತುದಿ ಇಳಿಯುತ್ತದೆ. ಮೆಕ್ಯಾನಿಕ್ ಪುಶ್‌ರಾಡನ್ನು ಗಿಡ್ಡ ಮಾಡುತ್ತಾನೆ. ಸಡಿಲು ಮತ್ತೆ ಕರಾರುವಾಕ್ಕು. ಆದರೆ ಏತ ಓರೆಯಾಗಿಯೇ ಉಳಿಯಿತು. ನಟ್ಟು ತಿರುಗಿಸಿದರೆ ಸರಿಯಾಗುವುದು ಸಡಿಲು ಮಾತ್ರ, ಕೋನವಲ್ಲ. ಇದಕ್ಕೆ ಮದ್ದು ಹೊಸ ಸೀಟು ಕೂರಿಸುವುದು, ಇಲ್ಲವೇ ರಾಕರ್ ಕೂತ ದಿಮ್ಮಿಯ ಕೆಳಗೆ ತೆಳು ತಗಡು ಕೊಟ್ಟು ಅದನ್ನು ಎತ್ತುವುದು.

ವೇಗಕ್ಕಾಗಿ ಎಂಜಿನ್ ಕಟ್ಟುವವರಿಗೆ ಇದೇ ಲೆಕ್ಕ ತಿರುಗಾಮುರುಗಾ. ಹೆಚ್ಚು ಗಾಳಿ ಒಳಗೆ ಹೋಗಲೆಂದು ಅವರು ದೊಡ್ಡ ಉಬ್ಬಿನ ಕ್ಯಾಮ್ ಹಾಕುತ್ತಾರೆ. ಕವಾಟ 8 ಮಿಲಿಮೀಟರ್ ತೆರೆಯುವಲ್ಲಿ 10 ತೆರೆದರೆ, ಅರ್ಧದ ಬಿಂದು 4ರಿಂದ 5ಕ್ಕೆ ಇಳಿಯುತ್ತದೆ. ರಾಕರ್‌ನ ಆಧಾರವೂ 1 ಮಿಲಿಮೀಟರ್ ಇಳಿಯಬೇಕು, ಇಲ್ಲವೇ ಕಾಂಡ ಅಷ್ಟೇ ಎತ್ತರವಾಗಬೇಕು. ಹೂತ ಕವಾಟದ ಹಳೇ ತಲೆಗೆ ದೊಡ್ಡ ಕ್ಯಾಮ್ ಹಾಕಿದಾಗ ಎರಡು ತಪ್ಪು ಕೂಡಿ ಒಂದು ಸರಿಯಾಗುವ ತಮಾಷೆಯೂ ಉಂಟು. ಅದನ್ನು ನೆಚ್ಚಿಕೊಂಡು ರೇಸಿಗೆ ಹೋಗುವಂತಿಲ್ಲ.

ಪರೀಕ್ಷೆ ಸುಲಭ. ಕವಾಟಕ್ಕೆ ಮೆತ್ತನೆಯ ಸ್ಪ್ರಿಂಗ್ ಹಾಕಿ, ಕಾಂಡದ ನೆತ್ತಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು, ಎಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಮಸಿ ಅಳಿಸಿದ ಗೆರೆ ತೆಳ್ಳಗಿದ್ದರೆ ಕೋನ ಸರಿ, ಅಗಲವಾಗಿದ್ದರೆ ತಪ್ಪು. ಗೆರೆ ನೆತ್ತಿಯ ನಟ್ಟನಡುವೆ ಇದೆಯೇ ಎಂದು ಮಾತ್ರ ನೋಡಿ ಸಮಾಧಾನಪಡುವವರಿದ್ದಾರೆ. ನೋಡಬೇಕಾದ್ದು ಮೊದಲು ಅಗಲ, ನಡು ಆಮೇಲೆ. ಅಗಲವಾದ ಗೆರೆಯೂ ನಡುವೆಯೇ ಕೂತಿರಬಹುದು.

2009ರ ಸುಮಾರಿಗೆ ಬುಲೆಟ್ ವಂಶಕ್ಕೆ ಎಣ್ಣೆಯ ಒತ್ತಡದಿಂದ ತಾನೇ ಸಡಿಲು ಸರಿಪಡಿಸಿಕೊಳ್ಳುವ ಟ್ಯಾಪೆಟ್ ಬಂತು. ಮೆಕ್ಯಾನಿಕನ ಬೆರಳಿಗೆ ಕೆಲಸ ತಪ್ಪಿತು. ಕೋನದ ಸಮಸ್ಯೆ ಮಾತ್ರ ಇನ್ನಷ್ಟು ಮೌನವಾಗಿ ಅಡಗಿತು. 2023ರ ಬುಲೆಟ್‌ನಲ್ಲಿ ಕ್ಯಾಮೇ ಸಿಲಿಂಡರಿನ ತಲೆಗೇರಿದ್ದರಿಂದ ಪುಶ್‌ರಾಡ್ ಇಲ್ಲವಾಯಿತು. ರಾಕರ್ ಇನ್ನೂ ಅಲ್ಲೇ ಇದೆ, ಕಮಾನೂ ಇದೆ.