ದಾರಿ ಕಡಿದವರು, ದಾರಿ ತುಳಿದವರು

ಅರಮನೆಗೆ ಚರಿತ್ರೆಯುಂಟು, ಕೋಟೆಗೆ ಚರಿತ್ರೆಯುಂಟು, ದೇವಾಲಯಕ್ಕಂತೂ ಶಾಸನವೇ ಉಂಟು. ರಸ್ತೆಗೂ ಚರಿತ್ರೆ ಬರೆಯಬೇಕೆಂದು ನಮಗೆ ತೋರುವುದು ಅಪರೂಪ. ದಾರಿಹೋಕನ ಕಣ್ಣು ಮುಂದಿನ ಊರಿನ ಮೇಲೆ. ಕಾಲ ಕೆಳಗಿನ ಕಲ್ಲನ್ನು ಅಲ್ಲಿ ಇಟ್ಟವರಾರೆಂದು ಅವನು ಕೇಳುವುದಿಲ್ಲ. ಭೂಮಧ್ಯ ಸಮುದ್ರದ ಮಯೋರ್ಕಾ ದ್ವೀಪದ ಬೆಟ್ಟದ ದಾರಿಗಳನ್ನು ಕುರಿತು ಓದುತ್ತಿದ್ದಾಗ ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಕನ್ನಡ ಪಾಠ ಹೇಳುವವನಿಗೆ ದೂರದ ದ್ವೀಪದ ಸೈಕಲ್ ದಾರಿಗಳ ಗೊಡವೆ ಏಕೆಂದು ಓದುಗರು ಕೇಳಬಹುದು. ತಾಳೆಗರಿಯಲ್ಲಿ ಲಿಪಿಕಾರನ ಕೈಯನ್ನು ಹುಡುಕುವ ಅಭ್ಯಾಸವಾದವನಿಗೆ, ಬೆಟ್ಟದ ಮೈಮೇಲೆ ಗೀಚಿದ ದಾರಿಯಲ್ಲಿಯೂ ಒಂದು ಕೈಯನ್ನು ಹುಡುಕುವ ಚಪಲ ಬಿಡದು. ಇಷ್ಟೇ ನನ್ನ ಸಮಾಧಾನ.

ಸ್ಪೇಯಿನ್ ದೇಶಕ್ಕೆ ಸೇರಿದ ಈ ದ್ವೀಪದ ವಿಸ್ತಾರ ಸುಮಾರು 3,640 ಚದರ ಕಿಲೋಮೀಟರು. ನಡುವೆ ಬಾದಾಮಿ ತೋಟಗಳ ಬಯಲು. ವಾಯವ್ಯದ ಅಂಚಿನಲ್ಲಿ ಸಮುದ್ರಕ್ಕೆ ಗೋಡೆ ಕಟ್ಟಿದಂತೆ ತ್ರಮುಂತಾನಾ ಎಂಬ ಪರ್ವತಸಾಲು. 'ಬೆಟ್ಟದಾಚೆಯದು' ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದ ಈ ಹೆಸರು ಅಲ್ಲಿನ ಬಡಗಣ ಗಾಳಿಗೂ ಸಲ್ಲುತ್ತದೆ. ನೈರುತ್ಯದ ಅಂದ್ರಾಚಿನಿಂದ ಈಶಾನ್ಯದ ಪೊಯೆನ್ಸಾದವರೆಗೆ ಈ ಬೆಟ್ಟಗಳ ಬೆನ್ನ ಮೇಲೆ ಹಾಯುವ ರಸ್ತೆ ನೂರು ಕಿಲೋಮೀಟರಿಗೂ ಮಿಗಿಲು. ಉತ್ತರ ಯೂರೋಪು ಇನ್ನೂ ಚಳಿಯಲ್ಲಿ ಮುದುಡಿಕೊಂಡಿರುವಾಗಲೇ ಇಂಗ್ಲೆಂಡು, ಜರ್ಮನಿ, ಸ್ವಿಟ್ಜರ್ಲೆಂಡುಗಳಿಂದ ಸೈಕಲ್ ಸವಾರರು ಸಾವಿರಗಟ್ಟಲೆಯಾಗಿ ಇಲ್ಲಿಗೆ ಬಂದಿಳಿಯುತ್ತಾರೆ. 1992ರಿಂದ ವರ್ಷದ ಮೊದಲಲ್ಲಿ ವೃತ್ತಿಪರರ ಪಂದ್ಯವೂ ನಡೆಯುತ್ತ ಬಂದಿದೆ. ಅವರು ಏರಿಳಿಯುವ ದಾರಿಗಳಲ್ಲಿ ಬಹುಪಾಲು ಸೈಕಲ್ಲಿಗಾಗಿ ಹುಟ್ಟಿದವಲ್ಲ. ಮತ್ತಾವುದಕ್ಕಾಗಿ ಹುಟ್ಟಿದವು ಎಂಬುದೇ ನಮ್ಮ ಕಥೆ.

ಮೊದಲಿದ್ದದ್ದು ಹೇಸರಗತ್ತೆಯ ದಾರಿ. ಎತ್ತರದ ಬೆಟ್ಟಗಳಲ್ಲಿ ಬಿದ್ದ ಹಿಮವನ್ನು ಕಲ್ಲಿನ ಕುಳಿಗಳಲ್ಲಿ ತುಳಿದು ಗಟ್ಟಿಮಾಡಿ, ಬೇಸಿಗೆಯ ರಾತ್ರಿಗಳಲ್ಲಿ ಅದು ಕರಗುವ ಮೊದಲೇ ಪಾಲ್ಮಾ ಪಟ್ಟಣಕ್ಕೆ ಸಾಗಿಸುವವರು ಒಂದು ಕಡೆ; ಕಾಡಿನಲ್ಲಿ ಇದ್ದಿಲು ಸುಡುವವರು ಇನ್ನೊಂದು ಕಡೆ; ಯುಕ್ ಎಂಬ ಮಠದ ಮಾತೆಗೆ ಹರಕೆ ಹೊತ್ತು ನಡೆಯುವ ಯಾತ್ರಿಕರು ಮತ್ತೊಂದು ಕಡೆ. ಗಾರೆಯ ಸೋಂಕಿಲ್ಲದೆ ಕಲ್ಲಿಗೆ ಕಲ್ಲನ್ನು ಒಗ್ಗಿಸಿ ಕಟ್ಟುವ ಕುಶಲಿಗಳು ಇವರಿಗಾಗಿ ದಾರಿ ಹಾಸಿದರು, ಇಳಿಜಾರಿನಲ್ಲಿ ಆಲಿವ್ ಗಿಡಗಳಿಗೆ ಮೆಟ್ಟಿಲು ಹೊಲಗಳನ್ನು ಕಟ್ಟಿದರು. 1838ರ ಚಳಿಗಾಲದಲ್ಲಿ ಸಂಗೀತಗಾರ ಶೋಪ್ಯಾನನೊಡನೆ ವಾಲ್ಡೆಮೊಸಾದ ಮಠಕ್ಕೆ ಬಂದು ತಂಗಿದ ಫ್ರೆಂಚ್ ಲೇಖಕಿ ಜಾರ್ಜ್ ಸ್ಯಾಂಡ್ ತನ್ನ ಪುಸ್ತಕದಲ್ಲಿ ಈ ದ್ವೀಪದ ದಾರಿಗಳನ್ನು ಕುರಿತು ಒಳ್ಳೆಯ ಮಾತು ಆಡಲಿಲ್ಲ. ಗಾಡಿಯಲ್ಲಿ ಬಂದವರಿಗೆ ಹೇಸರಗತ್ತೆಯ ದಾರಿ ಹಿತವಾಗುವುದಾದರೂ ಹೇಗೆ?

ಆ ದಾರಿಗಳನ್ನು ಒಲಿದು ಬಂದವನೂ ಒಬ್ಬನಿದ್ದ. ಆಸ್ಟ್ರಿಯಾದ ರಾಜವಂಶದ ಲುಡ್ವಿಗ್ ಸಾಲ್ವಟೋರ್ 1867ರಲ್ಲಿ ಮೊದಲ ಸಲ ಇಲ್ಲಿಗೆ ಬಂದನು. 1872ರಲ್ಲಿ ಮಿರಮಾರ್ ಎಂಬ ಜಮೀನನ್ನು ಕೊಂಡನು. ಬೆಟ್ಟದ ನೆತ್ತಿಯ ಮೇಲೆ ಕಾಲುದಾರಿಗಳನ್ನು ಕಟ್ಟಿಸಿ, ಸಮುದ್ರವನ್ನು ನೋಡಲು ಅಲ್ಲಲ್ಲಿ ಕಟ್ಟೆಗಳನ್ನು ನಿಲ್ಲಿಸಿದನು. ಸರಕಿಗಾಗಿ, ಹರಕೆಗಾಗಿ ಇದ್ದ ದಾರಿ ನೋಟಕ್ಕಾಗಿಯೂ ಇರಬಹುದೆಂಬ ಹೊಸ ಭಾವನೆ ಇಲ್ಲಿಂದ ಬೆಳೆಯಿತೆನ್ನಬಹುದು.

ಸೋಯೆರ್ ಕಣಿವೆಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಕಿತ್ತಳೆ ಬೆಳೆಯುವ ಈ ಊರಿಗೂ ಪಾಲ್ಮಾಕ್ಕೂ ನಡುವೆ ಬೆಟ್ಟ ಅಡ್ಡ. ಪಾಲ್ಮಾಕ್ಕೆ ಹೋಗುವುದಕ್ಕಿಂತ ಹಡಗೇರಿ ಫ್ರಾನ್ಸಿಗೆ ಹೋಗುವುದೇ ಸಲೀಸೆಂದು ಅಲ್ಲಿಯವರು ಕಿತ್ತಳೆಯ ವ್ಯಾಪಾರವನ್ನು ಫ್ರೆಂಚ್ ಬಂದರುಗಳೊಡನೆ ನಡೆಸಿದರು. ಘಟ್ಟವನ್ನು ಹತ್ತಿಳಿಯುವ ಗಾಡಿರಸ್ತೆ ತಿರುವುಗಳ ಸರಮಾಲೆ. 1912ರಲ್ಲಿ ಬೆಟ್ಟ ಕೊರೆದು ರೈಲು ಬಂದಿತು. 1997ರಲ್ಲಿ ಮೋಟಾರುಗಳಿಗಾಗಿ ಮೂರು ಕಿಲೋಮೀಟರಿನ ಸುರಂಗ ತೆರೆಯಿತು. ಸುಂಕಕ್ಕೆ ಅಂಜಿ ಕೆಲವರು ಹಳೆಯ ಘಟ್ಟವನ್ನೇ ಹಿಡಿಯುತ್ತಿದ್ದರು. 2017ರ ಕೊನೆಯಲ್ಲಿ ಸುಂಕವೂ ಹೋಯಿತು. ಸುರಂಗದೊಳಗೆ ಸೈಕಲ್ಲಿಗೆ ಪ್ರವೇಶವಿಲ್ಲ. ಹೀಗೆ ಮೋಟಾರು ಬಿಟ್ಟುಹೋದ ಘಟ್ಟ ಸೈಕಲ್ಲಿಗೆ ಉಂಬಳಿಯಾಗಿ ಉಳಿಯಿತು. ಹೊಸ ದಾರಿ ಬಂದರೆ ಹಳೆಯ ದಾರಿ ಸಾಯುವುದೆಂಬ ನಿಯಮವೇನಿಲ್ಲ.

ಇನ್ನು ಸವಾರರು ಹೆಸರೆತ್ತಿದರೇ ಕಣ್ಣರಳಿಸುವ ಎರಡು ದಾರಿಗಳು. ಎರಡನ್ನೂ ರೂಪಿಸಿದವನು ಆಂತೋನಿಯೋ ಪರಿಯೆತ್ತಿ ಎಂಬ ಇಂಜಿನಿಯರು. ಒಂದು, ಫೊರ್ಮೆಂತೋರ್ ಭೂಶಿರದ ದಾರಿ. ಈ ನೆಲ ಪೊಯೆನ್ಸಾದ ಕವಿ ಕೋಸ್ತಾ ಇ ಯೊಬೇರನ ಮನೆತನಕ್ಕೆ ಸೇರಿದ್ದಿತು; ಇಲ್ಲಿಯ ಒಂದು ಪೈನ್ ಮರವನ್ನು ಕುರಿತು ಅವನು ಕತಲಾನ್ ನುಡಿಯಲ್ಲಿ ಬರೆದ ಕವಿತೆಯನ್ನು ಅರಿಯದವರು ದ್ವೀಪದಲ್ಲಿ ವಿರಳ. 1922ರಲ್ಲಿ ಕವಿ ತೀರಿಕೊಂಡ ಮೇಲೆ ನೆಲ ಕೈ ಬದಲಿಸಿತು. 1929ರಲ್ಲಿ ಅಲ್ಲಿ ಸಿರಿವಂತರ ಹೋಟೆಲು ಎದ್ದಿತು. ಕವಿಯ ಮೌನಕ್ಕೆ ರಸ್ತೆ ಬಂದಿತು. ಎರಡನೆಯದು, 1932ರಲ್ಲಿ ಮುಗಿದ ಸಾ ಕಲೋಬ್ರಾ ರಸ್ತೆ. ಅದಕ್ಕೆ ಮೊದಲು ಆ ಕಡಲ ಮೂಲೆಗೆ ಹಡಗಿನಲ್ಲಿ ಇಲ್ಲವೇ ಕಾಲ್ನಡೆಯಲ್ಲಿ ಹೋಗಬೇಕಾಗಿದ್ದಿತು. ಅಲ್ಲಿದ್ದವು ಬೆರಳೆಣಿಕೆಯ ಮನೆಗಳು. ರಸ್ತೆ ಬೇಕಾದದ್ದು ಮನೆಗಳಿಗಲ್ಲ, ಪರೇಯ್ಸ್ ಕಮರಿಯನ್ನು ನೋಡಬಂದ ಪ್ರವಾಸಿಗಳಿಗೆ. ಸುಮಾರು 680 ಮೀಟರು ಎತ್ತರದ ಕಣಿವೆಬಾಯಿಯಿಂದ ಒಂಬತ್ತೂವರೆ ಕಿಲೋಮೀಟರಿನಲ್ಲಿ ಕಡಲಿಗೆ ಇಳಿಯುವ ಈ ರಸ್ತೆಗೆ 26 ತಿರುವುಗಳು. ನೂರು ಮೀಟರು ಸಾಗಿದರೆ ಏಳು ಮೀಟರು ಏರು. ಒಂದೆಡೆ ರಸ್ತೆ ತನ್ನನ್ನೇ ಬಳಸಿ ತನ್ನ ಕೆಳಗೇ ನುಸುಳುತ್ತದೆ. ಅದಕ್ಕೆ 'ಟೈ ಗಂಟು' ಎಂದು ಹೆಸರು. ಕೊರಳಿಗೆ ಟೈ ಕಟ್ಟಿಕೊಳ್ಳುವಾಗ ಇಂಜಿನಿಯರಿಗೆ ಈ ಉಪಾಯ ಹೊಳೆಯಿತೆಂದು ದಂತಕಥೆ. ಕಥೆ ಹೇಗಾದರೂ ಇರಲಿ. ದೊಡ್ಡ ಯಂತ್ರಗಳ ನೆರವಿಲ್ಲದೆ, ಕೈಹತ್ಯಾರದಿಂದ ಆ ಬಂಡೆಯನ್ನು ಕಡಿದವರೊಬ್ಬರ ಹೆಸರನ್ನೂ ದಂತಕಥೆ ಹೇಳುವುದಿಲ್ಲ.

ಇಲ್ಲಿಂದ ಮುಂದಿನ ಅಧ್ಯಾಯ ಕಹಿಯಾದದ್ದು. 1936ರ ಜುಲೈಯಲ್ಲಿ ಸ್ಪೇಯಿನ್ನಿನ ಅಂತರ್ಯುದ್ಧ ಹೊತ್ತಿದಾಗ ಮಯೋರ್ಕಾ ದಂಗೆಯೆದ್ದ ಸೇನಾನಿಗಳ ಕೈವಶವಾಯಿತು. ಆಗಸ್ಟಿನಲ್ಲಿ ಗಣರಾಜ್ಯದ ಪಡೆ ಪೂರ್ವ ತೀರದಲ್ಲಿ ಇಳಿದು, ಕೆಲವೇ ವಾರಗಳಲ್ಲಿ ಹಿಂದಿರುಗಬೇಕಾಯಿತು. ಮತ್ತೊಮ್ಮೆ ಶತ್ರು ಇಳಿದಾನೆಂಬ ಭಯದಿಂದ ಕರಾವಳಿಯಲ್ಲಿ ರಸ್ತೆಗಳನ್ನು ಕಟ್ಟಲು ಅಧಿಕಾರಿಗಳು ಹೊರಟರು. ಕಟ್ಟಿದವರಾರು? ಗಣರಾಜ್ಯದ ಪಕ್ಷದವರೆಂದು ಹಿಡಿದಿಟ್ಟ ಸೆರೆಯಾಳುಗಳು. ಶಿಬಿರಗಳಲ್ಲಿ ಕೂಡಿಟ್ಟು, ಕಾವಲಿನಲ್ಲಿ ಕಲ್ಲು ಒಡೆಸಿದರು. ಯುದ್ಧ 1939ರಲ್ಲಿ ಮುಗಿದರೂ ಅವರ ಬಿಟ್ಟಿಕೆಲಸ ಮುಗಿಯಲಿಲ್ಲ. ಫ್ರಾಂಕೋ 1975ರಲ್ಲಿ ತೀರಿಕೊಳ್ಳುವವರೆಗೂ ಇದು ಬಾಯಿಬಿಟ್ಟು ಆಡುವ ಮಾತಾಗಿರಲಿಲ್ಲ. ಆಮೇಲೆ ಸಂಶೋಧಕರು ಮುದುಕರ ನೆನಪನ್ನೂ ಕಡತಗಳನ್ನೂ ಕೆದಕಿ ಹೊರತೆಗೆದರು. ಇಂದು ರಜೆಯ ಉಲ್ಲಾಸದಿಂದ ಚಕ್ರ ಉರುಳುವ ಕೆಲವು ತೀರದ ದಾರಿಗಳ ಅಡಿಯಲ್ಲಿ ಈ ಬೆವರೂ ಇದೆ.

ದ್ವೀಪದ ಅತಿ ಎತ್ತರದ ಶಿಖರ ಪುಚ್ ಮಜೋರ್. ಸೋಯೆರಿನಿಂದ ಹದಿನಾಲ್ಕು ಕಿಲೋಮೀಟರು ಏರಿ ಅದರ ಹೆಗಲಿಗೆ ತಲಪುವುದು ಸವಾರರ ಹೆಮ್ಮೆಗಳಲ್ಲೊಂದು. ಹೆಗಲಿಗೆ ಮಾತ್ರ, ತಲೆಗಲ್ಲ. ಸ್ಪೇಯಿನ್ನಿಗೂ ಅಮೆರಿಕಕ್ಕೂ 1953ರಲ್ಲಿ ಒಪ್ಪಂದವಾದ ಮೇಲೆ ಆ ತಲೆಯ ಮೇಲೆ ರಾಡಾರು ಕುಳಿತಿತು. ಅಲ್ಲಿಗೆ ಹೋಗುವ ದಾರಿ ಸೈನ್ಯದ್ದು. ಸವಾರನು ಕೆಳಗಿನ ಸುರಂಗವನ್ನು ಹಾದು ಆಚೆಗೆ ಇಳಿಯಬೇಕು.

ಸೈಕಲ್ಲನ್ನು ದ್ವೀಪಕ್ಕೆ ಹೊರಗಿನವರೇ ತಂದು ಕಲಿಸಿದರೆಂದು ಯಾರೂ ಭಾವಿಸಬಾರದು. ಪಾಲ್ಮಾದಲ್ಲಿ 1903ರಲ್ಲಿಯೇ ಪಂದ್ಯದ ಅಂಗಣವಿದ್ದಿತು. ಫೆಲಾನಿಚ್ ಎಂಬ ಊರಿನ ಗಿಯೆಮ್ ತಿಮೊನೆರ್, ಮೋಟಾರು ಸೈಕಲ್ಲಿನ ಬೆನ್ನಿಗೆ ಅಂಟಿದಂತೆ ಓಡುವ ಅಪಾಯದ ಪಂದ್ಯದಲ್ಲಿ 1955ರಿಂದ 1965ರ ಒಳಗೆ ಆರು ಬಾರಿ ಜಗಜ್ಜೇತನಾದನು. 2023ರಲ್ಲಿ, ತೊಂಬತ್ತೇಳರ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಹೋಟೆಲುಗಳು ಸವಾರರಿಗಾಗಿ ಬಾಗಿಲು ತೆರೆಯುವ ಎಷ್ಟೋ ಮೊದಲೇ ಆ ನೆಲದಲ್ಲಿ ತುಳಿಯುವ ಕಾಲುಗಳಿದ್ದವು.

ಈಗ ತೊಂದರೆ ಬೇರೆ ಬಗೆಯದು: ಬರುವವರೇ ಹೆಚ್ಚು. ಬೇಸಿಗೆಯಲ್ಲಿ ಕಾರುಗಳ ನೂಕುನುಗ್ಗಲಿಗೆ ಫೊರ್ಮೆಂತೋರ್ ದಾರಿ ಉಸಿರುಗಟ್ಟಿ, 2018ರಿಂದ ಹಗಲು ಹೊತ್ತಿನಲ್ಲಿ ಖಾಸಗಿ ಕಾರುಗಳನ್ನು ತಡೆಯುವ ಏರ್ಪಾಡು ಬಂದಿದೆ. ತ್ರಮುಂತಾನಾ ಸಾಲನ್ನು 2011ರಲ್ಲಿ ಯುನೆಸ್ಕೋ ಸಂಸ್ಥೆ ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಅದನ್ನು ಬರಿಯ ಪ್ರಕೃತಿಯೆಂದು ಕರೆಯಲಿಲ್ಲ. ಮನುಷ್ಯನ ದುಡಿಮೆ ರೂಪಿಸಿದ ಭೂದೃಶ್ಯವೆಂದು ಕರೆಯಿತು. ಗಾರೆಯಿಲ್ಲದೆ ಕಲ್ಲು ಕಟ್ಟುವ ವಿದ್ಯೆಗೂ 2018ರಲ್ಲಿ ಮನ್ನಣೆ ದೊರೆಯಿತು. ನನಗೆ ಈ ಮಾತು ಮುಖ್ಯವೆನಿಸುತ್ತದೆ.

ಫೊರ್ಮೆಂತೋರ್ ದಾರಿಯ ನೋಟದ ಕಟ್ಟೆಯಲ್ಲಿ ಪರಿಯೆತ್ತಿಯ ಸ್ಮಾರಕವಿದೆ. ಇರಬೇಕಾದದ್ದೇ, ಬೆಟ್ಟವನ್ನು ನೋಯಿಸದೆ ದಾರಿ ಬರೆದವನು ಅವನು. ಆದರೆ ಬರೆದವನೊಬ್ಬನಾದರೆ ಕಡಿದವರು ಹಲವರು. ಮೋಟಾರಿನವನಿಗೆ ಏರು ಎಂಬುದು ಕಾಲಡಿಯ ಒಂದು ಒತ್ತಡ, ಅಷ್ಟೆ. ಸೈಕಲ್ಲಿನವನಿಗೆ ಹಾಗಲ್ಲ, ಪ್ರತಿಯೊಂದು ಮೀಟರಿಗೂ ಅವನು ತನ್ನ ಉಸಿರನ್ನು ತೆರಬೇಕು. ಆದುದರಿಂದ ಆ ತಿರುವುಗಳ ಬೆಲೆಯನ್ನು ಊಹಿಸಬಲ್ಲವನು ಯಾವನಾದರೂ ಇದ್ದರೆ ಅವನೇ. ಏದುಸಿರು ಬಿಡುತ್ತ ಒಂದು ಗಳಿಗೆ ಕಾಲೂರಿ ನಿಂತವನು ಕಡಲನ್ನು ನೋಡುವಂತೆಯೇ ರಸ್ತೆಯ ಅಂಚಿನ ಕಲ್ಲುಗೋಡೆಯನ್ನೂ ಒಮ್ಮೆ ಮುಟ್ಟಿ ನೋಡಲಿ. ಅದರ ಮೇಲೆ ಯಾರ ಹೆಸರೂ ಇಲ್ಲ. ಅವನು ನಿಂತಿರುವುದು ಮಾತ್ರ ಅವರು ಇಟ್ಟ ಕಲ್ಲಿನ ಮೇಲೆ.