ವಾಲಿ ಬಯಾಮ್‌ನ ಸಾರ್ಥ

1930ರ ದಶಕದ ಅಮೆರಿಕ ಆರ್ಥಿಕ ಮಹಾಕುಸಿತದ ದಾರುಣ ಛಾಯೆಯಲ್ಲಿತ್ತು. ಬ್ಯಾಂಕುಗಳು ಉರುಳಿದ್ದವು, ಹೊಲಗಳು ಧೂಳಾಗಿದ್ದವು. ಆದರೂ ಆ ವಿಶಾಲ ಭೂಖಂಡದ ಉದ್ದಗಲಕ್ಕೆ ಹೊಸ ಹೆದ್ದಾರಿಗಳು ಚಾಚಿಕೊಳ್ಳುತ್ತಿದ್ದವು. ಸಾಮಾನ್ಯ ಕುಟುಂಬಗಳ ಅಂಗಳಕ್ಕೂ ಕಾರು ಬಂದಿತ್ತು. ಮನೆಯನ್ನೇ ಕಾರಿನ ಬೆನ್ನಿಗೆ ಕಟ್ಟಿಕೊಂಡು ಹೊರಟುಬಿಡುವ ಆಕಾಂಕ್ಷೆ ಜನಮನವನ್ನು ಆವರಿಸಿತ್ತು. ಆ ಆಕಾಂಕ್ಷೆಯನ್ನೇ ನೆಚ್ಚಿ ನೂರಾರು ಟ್ರೇಲರ್ ಕಾರ್ಖಾನೆಗಳು ತಲೆಯೆತ್ತಿದವು, ಬಹುಪಾಲು ಕಾಲಗರ್ಭವನ್ನೂ ಸೇರಿದವು. ಆ ಪ್ರಳಯವನ್ನು ದಾಟಿ ಹೆಸರನ್ನೂ ರೂಪವನ್ನೂ ಉಳಿಸಿಕೊಂಡು ಬಂದ ಏರ್‌ಸ್ಟ್ರೀಮ್ ಸಂಸ್ಥೆಯ ವೃತ್ತಾಂತವು ರಸ್ತೆಯುಗದ ಉತ್ತರಾಧಿಕಾರಿಗಳಾದ ನಮ್ಮೆಲ್ಲರ ಪರಂಪರೆಗೆ ಸೇರಿದ್ದು.

ಸಂಸ್ಥಾಪಕ ವಾಲಿ ಬಯಾಮ್ 1896ರ ಜುಲೈ 4ರಂದು, ತನ್ನ ರಾಷ್ಟ್ರದ ಸ್ವಾತಂತ್ರ್ಯ ದಿನದಂದೇ, ಆರೆಗಾನ್ ರಾಜ್ಯದ ಬೇಕರ್ ಸಿಟಿಯಲ್ಲಿ ಜನಿಸಿದನು. ಹದಿಹರೆಯದಲ್ಲಿ ಕುರಿ ಕಾಯುತ್ತಿದ್ದಾಗ ಆತನಿಗೆ ಆಸರೆಯಾಗಿದ್ದದ್ದು ಕತ್ತೆ ಎಳೆಯುವ ಒಂದು ಮರದ ಬಂಡಿ. ಸೀಮೆಎಣ್ಣೆಯ ಒಲೆ, ನೀರು, ಹಾಸಿಗೆ, ಇಷ್ಟೇ ಅದರ ಸಂಪತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪದವಿಯಾಗಲಿ, ಲಾಸ್ ಏಂಜಲೀಸಿನ ಪ್ರಕಾಶನ ವೃತ್ತಿಯಾಗಲಿ ಆ ಬಂಡಿಯ ಸ್ಮರಣೆಯನ್ನು ಅಳಿಸಲಿಲ್ಲ. ಫೋರ್ಡ್ ಮಾಡೆಲ್ ಟಿ ಕಾರಿನ ಚಾಸಿಯ ಮೇಲೆ ಆತ ಡೇರೆಯೊಂದನ್ನು ಎಬ್ಬಿಸಿದಾಗ, ಅಡುಗೆಮನೆಯಿಲ್ಲದ ಆ ವಾಸವನ್ನು ಪತ್ನಿ ಮೇರಿಯನ್ ಒಪ್ಪಲಿಲ್ಲ. ಗೃಹಿಣಿಯ ಆ ನಿರಾಕರಣೆಯೇ ಒಂದು ಉದ್ಯಮದ ಬೀಜವಾಯಿತು. ನೆಲವನ್ನು ಗಾಲಿಗಳ ನಡುವೆ ತಗ್ಗಿಸಿ, ಛಾವಣಿಯನ್ನು ಎತ್ತರಿಸಿ, ಮನುಷ್ಯ ತಲೆಯೆತ್ತಿ ನಿಲ್ಲಬಹುದಾದ ಟ್ರೇಲರನ್ನು ಆತ ಕಟ್ಟಿದನು, ನಕ್ಷೆಗಳನ್ನು ಮಾರಿದನು, 1931ರಲ್ಲಿ ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದನು.

ಇಲ್ಲಿ ಇತಿಹಾಸವು ನ್ಯಾಯ ಸಲ್ಲಿಸಬೇಕಾದ ಇನ್ನೊಂದು ಹೆಸರಿದೆ. 1927ರಲ್ಲಿ ಲಿಂಡ್‌ಬರ್ಗ್ ಏಕಾಂಗಿಯಾಗಿ ಅಟ್ಲಾಂಟಿಕ್ ದಾಟಿದ ‘ಸ್ಪಿರಿಟ್ ಆಫ್ ಸೇಂಟ್ ಲೂಯಿಸ್’ ವಿಮಾನದ ನಿರ್ಮಾಣಕ್ಕೆ ಮೇಲ್ವಿಚಾರಕನಾಗಿದ್ದವನು ಹಾಲಿ ಬೋಲಸ್. ಆತ ವಿಮಾನವಿದ್ಯೆಯನ್ನೇ ನೆಲಕ್ಕಿಳಿಸಿ, 1934ರಲ್ಲಿ ‘ರೋಡ್ ಚೀಫ್’ ಎಂಬ ಅಲ್ಯೂಮಿನಿಯಂ ಟ್ರೇಲರನ್ನು ರೂಪಿಸಿದನು. ಗಾಳಿಯನ್ನು ಸೀಳುವ ಆ ದುಂಡು ದೇಹ ಸುಂದರವಾಗಿತ್ತು, ದುಬಾರಿಯೂ ಆಗಿತ್ತು. 1936ರ ಹೊತ್ತಿಗೆ ಬೋಲಸ್‌ನ ಸಂಸ್ಥೆ ಅಸ್ತಂಗತವಾಯಿತು. ಆ ಸಂಸ್ಥೆಯ ಮಾರಾಟಕ್ಕಾಗಿ ದುಡಿದಿದ್ದ ಬಯಾಮ್, ಅದೇ ರೂಪವನ್ನು ಕೈಗೆತ್ತಿಕೊಂಡು, ಮುಂಭಾಗದಲ್ಲಿದ್ದ ಬಾಗಿಲನ್ನು ಪಕ್ಕಕ್ಕೆ ಸರಿಸಿ, ಅದೇ ವರ್ಷ ‘ಕ್ಲಿಪ್ಪರ್’ ಅನ್ನು ಲೋಕಕ್ಕೆ ತೋರಿಸಿದನು. ಪೆಸಿಫಿಕ್ ದಾಟುತ್ತಿದ್ದ ಪ್ಯಾನ್ ಅಮೆರಿಕನ್ ಕಂಪನಿಯ ವಿಮಾನಗಳ ಹೆಸರು ಅದಕ್ಕೆ. ಬೆಲೆ 1200 ಡಾಲರ್. ನಾಲ್ವರಿಗೆ ಶಯನ, ಸ್ವಂತ ನೀರಿನ ವ್ಯವಸ್ಥೆ, ವಿದ್ಯುದ್ದೀಪ. ಆ ರೂಪದ ಕರ್ತೃ ಬೋಲಸ್ ಎಂಬುದನ್ನು ಏರ್‌ಸ್ಟ್ರೀಮಿನ ಅಭಿಮಾನಿಗಳು ಕೃತಜ್ಞತೆಯಿಂದ ನೆನೆಯಬೇಕು. ಸೃಷ್ಟಿಸಿದವನಿಗೆ ದಕ್ಕದ ಭಾಗ್ಯವನ್ನು ವಿಧಿ ಉಳಿಸಿದವನ ಪಾಲಿಗೆ ಇಟ್ಟಿತ್ತು.

ಎರಡನೆಯ ಮಹಾಯುದ್ಧ ಬಂದಾಗ ಅಲ್ಯೂಮಿನಿಯಂ ಯುದ್ಧವಿಮಾನಗಳಿಗೆ ಮೀಸಲಾಯಿತು. ಬಯಾಮ್ ಕಾರ್ಖಾನೆಗೆ ಬೀಗ ಹಾಕಿ ಲಾಕ್‌ಹೀಡ್ ವಿಮಾನ ಕಾರ್ಖಾನೆಯಲ್ಲಿ ದುಡಿದನು. ಯುದ್ಧ ಮುಗಿದ ಮೇಲೆ ವ್ಯಾಪಾರ ಮರಳಿ ಚಿಗುರಿತು. ಫ್ರೆಂಚ್ ಸೈಕಲ್ ವೀರ ಆಲ್ಫ್ರೆಡ್ ಲೆಟೂರ್ನರ್ 1947ರಲ್ಲಿ ತನ್ನ ಸೈಕಲ್ಲಿಗೇ ಏರ್‌ಸ್ಟ್ರೀಮನ್ನು ಕಟ್ಟಿ ಎಳೆದನು, ಅದರ ಹಗುರತನಕ್ಕೆ ಬೇರೆ ಪ್ರಮಾಣ ಬೇಕಾಗಲಿಲ್ಲ. 1952ರಲ್ಲಿ ಒಹಾಯೋ ರಾಜ್ಯದ ಜಾಕ್ಸನ್ ಸೆಂಟರ್ ಎಂಬ ಸಣ್ಣ ಊರಿನಲ್ಲಿ, ಹಿಂದೆ ಯುದ್ಧಾಸ್ತ್ರಗಳು ತಯಾರಾಗುತ್ತಿದ್ದ ಕಟ್ಟಡದಲ್ಲಿ, ಎರಡನೆಯ ಕಾರ್ಖಾನೆ ತೆರೆಯಿತು.

ಆದರೆ ಬಯಾಮ್‌ನ ಮಹತ್ವಾಕಾಂಕ್ಷೆ ಕಾರ್ಖಾನೆಯ ಗೋಡೆಗಳೊಳಗೆ ನಿಲ್ಲುವಂಥದ್ದಲ್ಲ. ತಾನು ಮಾರಿದ ವಾಹನ ಎಲ್ಲಿಗೆ ಹೋಗಬಲ್ಲದೆಂಬುದನ್ನು ತಾನೇ ಮುಂದೆ ನಿಂತು ತೋರಿಸುವ ಸಂಕಲ್ಪ ಆತನದು. 1951ರಲ್ಲಿ 63 ಟ್ರೇಲರುಗಳನ್ನು ಕೂಡಿಸಿಕೊಂಡು ಮಧ್ಯ ಅಮೆರಿಕದತ್ತ ಹೊರಟನು. ರಸ್ತೆಯೆಂಬುದು ಹೆಸರಿಗಷ್ಟೇ ಇದ್ದ ಆ ನಾಡುಗಳಲ್ಲಿ ಸಾರ್ಥ ಸವೆಯುತ್ತಾ ಹೋಯಿತು; ಕೊನೆಯವರೆಗೆ ಉಳಿದವು 14 ಮಾತ್ರ. ಅಂಥ ಪೆಟ್ಟು ತಿಂದವನು ಮರಳಿ ಹೊರಡದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಬಯಾಮ್ ಮಾತ್ರ ಮುರಿದ ಆಕ್ಸಲ್ಲುಗಳನ್ನೂ ಸಡಿಲಿದ ಕೊಂಡಿಗಳನ್ನೂ ಗುರುವೆಂದೇ ಸ್ವೀಕರಿಸಿದನು. ದಾರಿ ಕಲಿಸಿದ ಪಾಠಗಳು ಮುಂದಿನ ಟ್ರೇಲರುಗಳ ಮೈಸೇರಿದವು. 1955ರಲ್ಲಿ ಸಹಯಾತ್ರಿಗಳು ಆತನ ಹೆಸರಿನಲ್ಲೇ ಸಂಘ ಕಟ್ಟಿದರು. 1959ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, ಆತ 41 ಟ್ರೇಲರುಗಳನ್ನು ಮುನ್ನಡೆಸಿ ಕೇಪ್‌ಟೌನ್‌ನಿಂದ ಕೈರೋದತ್ತ ಸಾಗಿದನು. ಆಫ್ರಿಕಾದ ದಕ್ಷಿಣದ ತುದಿಯಿಂದ ಉತ್ತರದ ಮರುಭೂಮಿಯವರೆಗೆ ಆ ಸಾರ್ಥ ಕೆಸರಿನಲ್ಲಿ ಹೂತಿತು, ಪರ್ವತಗಳಲ್ಲಿ ತಡೆಯಿತು; ಇಥಿಯೋಪಿಯಾದಲ್ಲಿ ಸಾಮ್ರಾಟ ಹೈಲೆ ಸೆಲಾಸಿಯ ದರ್ಶನ ಪಡೆಯಿತು; ಕಟ್ಟಕಡೆಗೆ ಫೇರೋಗಳ ಪಿರಮಿಡ್ಡುಗಳ ಬುಡದಲ್ಲಿ ಬೀಡುಬಿಟ್ಟಿತು. ಸೈನ್ಯವಿಲ್ಲದೆ, ಆಯುಧವಿಲ್ಲದೆ, ಮಡದಿ ಮಕ್ಕಳೊಡನೆ ನಡೆದ ಇಂಥ ದಿಗ್ವಿಜಯಗಳನ್ನು ಕಂಡ ಉದ್ಯಮಗಳು ಬಹಳ ಇಲ್ಲ.

1962ರ ಜುಲೈನಲ್ಲಿ ಬಯಾಮ್ ಕಾಲವಾದನು. 1963–64ರಲ್ಲಿ ಆತನ ಅನುಯಾಯಿಗಳು ಸಿಂಗಾಪುರದಿಂದ ಹೊರಟು ಭಾರತವನ್ನೂ ಹಾದು ಯೂರೋಪಿನವರೆಗೆ ಸಾಗಿ ಗುರುವಿನ ಸಂಕಲ್ಪವನ್ನು ನೆರವೇರಿಸಿದರು. ಸಂಸ್ಥೆಯ ಒಡೆತನ ಮಾತ್ರ 1967ರಲ್ಲಿ ಬಿಯಾಟ್ರಿಸ್ ಫುಡ್ಸ್ ಎಂಬ ಆಹಾರೋದ್ಯಮದ ಕೈಸೇರಿತು. ಅದರ ಆಳ್ವಿಕೆಯಲ್ಲಿ ವೈಭವವೂ ಕ್ಷಯವೂ ಬೆನ್ನುಬೆನ್ನಿಗೇ ಬಂದವು. 1969ರಲ್ಲಿ ಚಂದ್ರನಿಂದ ಮರಳಿದ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮೂವರನ್ನೂ ಸೋಂಕಿನ ಭಯದಿಂದ ಪ್ರತ್ಯೇಕವಾಗಿ ಇರಿಸಿದ್ದು ಮಾರ್ಪಡಿಸಿದ ಏರ್‌ಸ್ಟ್ರೀಮ್ ಟ್ರೇಲರೊಂದರಲ್ಲಿ. ಅಧ್ಯಕ್ಷ ನಿಕ್ಸನ್ ಅದರ ಕಿಟಕಿಯೆದುರು ನಿಂತೇ ಅವರನ್ನು ಅಭಿನಂದಿಸಿದನು. ನಾಲ್ಕೇ ವರ್ಷಗಳಲ್ಲಿ ತೈಲ ಬಿಕ್ಕಟ್ಟು ಎರಗಿತು. ಪೆಟ್ರೋಲ್ ಬಂಕುಗಳ ಮುಂದೆ ಸಾಲುಗಟ್ಟಿ ನಿಂತ ಜನಕ್ಕೆ ಟ್ರೇಲರ್ ಎಳೆದು ತಿರುಗುವ ಮನಸ್ಸು ಉಳಿಯಲಿಲ್ಲ. ದಶಕದ ಅಂತ್ಯಕ್ಕೆ ನಷ್ಟ 1.2 ಕೋಟಿ ಡಾಲರ್ ಮುಟ್ಟಿತು. ಕ್ಯಾಲಿಫೋರ್ನಿಯಾದ ಕಾರ್ಖಾನೆ ಮುಚ್ಚಿತು. ಸಂಸ್ಥೆಯ ಜನ್ಮಭೂಮಿಯಲ್ಲೇ ವಂಶ ನಿಂತಂತಾಯಿತು.

1980ರಲ್ಲಿ ವೇಡ್ ಥಾಂಪ್ಸನ್ ಮತ್ತು ಪೀಟರ್ ಆರ್ಥ್‌ವೈನ್ ಎಂಬಿಬ್ಬರು ಈ ಜರ್ಜರಿತ ಸಂಸ್ಥೆಯನ್ನು ಕೊಂಡು, ತಮ್ಮಿಬ್ಬರ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಥಾರ್ ಇಂಡಸ್ಟ್ರೀಸ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಗುಣಮಟ್ಟವನ್ನು ಮರಳಿ ಗಟ್ಟಿಗೊಳಿಸಿ, ವರ್ಷದೊಳಗೆ ಲಾಭದ ಹಾದಿಗೆ ತಂದರು. ಬಯಾಮ್‌ನ ಕೀರ್ತಿಯ ಪ್ರಭೆಯಲ್ಲಿ ಇವರ ಹೆಸರು ಮಸುಕಾಗಿರುವುದು ಅನ್ಯಾಯ. ಬಯಾಮ್ ಉಳಿಸಿದ ರೂಪವನ್ನು ಅವರು ಕೈಬಿಡಲಿಲ್ಲ. ಜಾಕ್ಸನ್ ಸೆಂಟರಿನಲ್ಲಿ ಒಬ್ಬ ಒಳಗೆ, ಒಬ್ಬ ಹೊರಗೆ ನಿಂತು ರಿವೆಟ್ ಬಡಿಯುವ ಕೆಲಸ ಇಂದಿಗೂ ಕೈಯಿಂದಲೇ ನಡೆಯುತ್ತಿದೆ.