ಗಂಟೆಯಿಂದ ಗುಂಡಿಯವರೆಗೆ

ಮನೆಯ ಬಿಸಿಯನ್ನು ತಾನೇ ಕಾಯುವ ಥರ್ಮೋಸ್ಟಾಟ್‌ನ ಕಥೆ ಒಬ್ಬ ಜವಾನನ ಓಡಾಟದಿಂದ ಶುರುವಾಗುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್‌ನಲ್ಲೊಂದು ಶಿಕ್ಷಕರ ತರಬೇತಿ ಶಾಲೆ. ಚಳಿಗಾಲದಲ್ಲಿ ಜವಾನ ತರಗತಿಯೊಳಗೆ ಬಂದು ಉಷ್ಣಮಾಪಕ ನೋಡಬೇಕಿತ್ತು. ಮತ್ತೆ ನೆಲಮಾಳಿಗೆಗೆ ಇಳಿದು ಗಾಳಿಕಂಡಿಯ ಮುಚ್ಚಳವನ್ನು ತೆರೆಯಬೇಕು ಇಲ್ಲವೇ ಮುಚ್ಚಬೇಕಿತ್ತು. ಅಲ್ಲಿ ಪಾಠ ಹೇಳುತ್ತಿದ್ದ ವಾರೆನ್ ಜಾನ್ಸನ್ ಈ ಅಡಚಣೆಗೊಂದು ಉಪಾಯ ಹುಡುಕಿ 1883ರಲ್ಲಿ ಪೇಟೆಂಟ್ ಪಡೆದರು. ತರಗತಿಯ ಶಾಖ ಬದಲಾದಾಗ ತಂತಿಯ ಮೂಲಕ ಕೆಳಗೆ ವಿದ್ಯುತ್ ಗಂಟೆ ಬಾರಿಸುತ್ತಿತ್ತು. ಜವಾನ ಮೇಲೆ ಬರುವುದು ತಪ್ಪಿತು. ಕೆಳಗಿನ ಕೆಲಸ ಮಾತ್ರ ಅವನದೇ ಆಗಿ ಉಳಿಯಿತು.

ಅದನ್ನೂ ಯಂತ್ರಕ್ಕೆ ಒಪ್ಪಿಸಿದವರು ಮಿನಿಯಾಪೊಲಿಸ್‌ನ ಆಲ್ಬರ್ಟ್ ಬಟ್ಜ್. 1886ರಲ್ಲಿ ಪೇಟೆಂಟ್ ಪಡೆದ ಅವರ ಸಾಧನದಲ್ಲಿ, ಕೋಣೆ ತಣ್ಣಗಾದರೆ ಮೋಟಾರು ತಿರುಗಿ ಸರಪಳಿ ಎಳೆದು ಕಲ್ಲಿದ್ದಲ ಕುಲುಮೆಯ ಮುಚ್ಚಳ ಎತ್ತುತ್ತಿತ್ತು. 1953ರಲ್ಲಿ ಹನಿವೆಲ್ ಕಂಪನಿಯ ದುಂಡನೆಯ ಥರ್ಮೋಸ್ಟಾಟ್ ಬಂದಾಗಲೂ ಗೋಡೆಗೂ ಕುಲುಮೆಗೂ ನಡುವೆ ತಂತಿಯೇ ಇತ್ತು.

ಈಗ ಎಷ್ಟೋ ಮನೆಗಳಲ್ಲಿ ಆ ತಂತಿಯೂ ಇಲ್ಲ. ಗೋಡೆಯ ಸ್ಮಾರ್ಟ್ ಥರ್ಮೋಸ್ಟಾಟ್ ರೇಡಿಯೊ ಅಲೆಗಳಲ್ಲಿ ಬಾಯ್ಲರ್ ಪಕ್ಕದ ರಿಸೀವರ್‌ಗೆ ಹೇಳಿ ಕಳಿಸುತ್ತದೆ. ಬ್ಯಾಟರಿ ಸೊರಗಿದರೆ, ನಡುವೆ ದಪ್ಪ ಕಲ್ಲುಗೋಡೆ ಬಂದರೆ, ಎರಡರ ಜೋಡಣೆ ಕಳಚಿದರೆ ಆ ಮಾತು ತಲುಪುವುದಿಲ್ಲ, ಮನೆ ತಣ್ಣಗಾಗುತ್ತದೆ. ಆಗ ಬ್ಯಾಟರಿ ಬದಲಿಸಿ, ಥರ್ಮೋಸ್ಟಾಟನ್ನು ಹತ್ತಿರ ತಂದು, ಎರಡನ್ನೂ ಮತ್ತೆ ಜೋಡಿಸಿ ನೋಡಬೇಕು.

ಅದೂ ಫಲಿಸದಿದ್ದರೆಂದು ಹಲವು ರಿಸೀವರ್‌ಗಳ ಮೇಲೆ ಒಂದು ಗುಂಡಿ ಇಟ್ಟಿರುತ್ತಾರೆ. ಅದನ್ನು ಒತ್ತಲು ಯಾರಾದರೂ ಬಾಯ್ಲರ್ ಇರುವಲ್ಲಿಗೆ ನಡೆದೇ ಹೋಗಬೇಕು, ವೈಟ್‌ವಾಟರ್‌ನ ಜವಾನನ ಹಾಗೆ.